ದೂರಿಗೊಂದು ನಂಬರು

ಕಚೇರಿಯೆಂದರೆ ಕಡತ ಎಂಬ ಕಾಲ ಹೋಗಿ, ಕಚೇರಿಯೆಂದರೆ ಕಂಪ್ಯೂಟರು ಎಂಬ ಕಾಲ ಬಂದಿದೆ. ಆಸ್ಪತ್ರೆಯಿರಲಿ, ಕಾಲೇಜಿರಲಿ, ಬಿಡದಿಯ ಸಣ್ಣ ಕಾರ್ಖಾನೆಯಿರಲಿ, ಈ ಯಂತ್ರಗಳ ಯೋಗಕ್ಷೇಮ ನೋಡಿಕೊಳ್ಳಲು ಇಬ್ಬರೋ ಮೂವರೋ ಇರುವ ಒಂದು ಪುಟ್ಟ ವಿಭಾಗವಿರುತ್ತದೆ. ಪ್ರಿಂಟರು ಕೆಟ್ಟರೂ ಅವರೇ, ಪಾಸ್‌ವರ್ಡು ಮರೆತರೂ ಅವರೇ, ಹೊಸ ಲ್ಯಾಬು ಕಟ್ಟಬೇಕಾದರೂ ಅವರೇ. ಕೆಲಸ ಹೇಳುವವರು ನೂರು ಮಂದಿ, ಮಾಡುವವರು ಮೂವರು. ಹೀಗಿರುವಾಗ ಯಾರ ಕೆಲಸ ಮೊದಲು, ಯಾರದು ನಂತರ, ಯಾರದು ಮರೆತೇ ಹೋಯಿತು ಎಂಬುದಕ್ಕೆ ಲೆಕ್ಕವಿಡುವುದು ಹೇಗೆ? ಈ ಲೆಕ್ಕಕ್ಕೆಂದೇ ಹುಟ್ಟಿದ ತಂತ್ರಾಂಶಗಳನ್ನು ಆರಿಸಿಕೊಳ್ಳುವ ಬಗೆಯನ್ನು ಕುರಿತು, ನನಗೆ ತಿಳಿದಷ್ಟನ್ನು ಸಹಪಾಠಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಇದರ ತತ್ತ್ವ ನಮ್ಮ ಸೀಮೆಗೆ ಹೊಸದೇನಲ್ಲ. ನಮ್ಮದು ರೇಷ್ಮೆ ಸಾಕುವ ಮನೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೈತ ತಂದ ಗೂಡಿಗೆ ಮೊದಲು ಬೀಳುವುದು ಒಂದು ಲಾಟು ನಂಬರು. ಹರಾಜು, ತೂಕ, ಹಣ, ಎಲ್ಲವೂ ಆ ನಂಬರನ್ನೇ ಹಿಡಿದು ನಡೆಯುತ್ತವೆ. ಗೂಡು ತಂದವನು ಸಾಹುಕಾರನೋ ಓದು ಬಾರದ ಬಡವನೋ ಎಂಬುದನ್ನು ನಂಬರು ಕೇಳುವುದಿಲ್ಲ.

ಸರ್ಕಾರವೂ ಇದೇ ತತ್ತ್ವವನ್ನು ಹಿಡಿಯಿತು. ನಾಗರಿಕರಿಗೆ ಸೇವೆಗಳ ಖಾತರಿ ನೀಡುವ 2011ರ ಕಾಯಿದೆಯನ್ವಯ 'ಸಕಾಲ' ಯೋಜನೆ 2012ರ ಏಪ್ರಿಲ್ 2ರಂದು ರಾಜ್ಯಾದ್ಯಂತ ಜಾರಿಗೆ ಬಂದಿತು. ಅರ್ಜಿ ಕೊಟ್ಟವನಿಗೆ 15 ಅಂಕಿಗಳ ಒಂದು ಸಂಖ್ಯೆ, ಕೆಲಸಕ್ಕೊಂದು ಗಡುವು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರ. ಕಂಪ್ಯೂಟರು ವಿಭಾಗದವರು 'ಟಿಕೆಟ್ಟು' ಎನ್ನುವುದೂ ಇಂಥದೇ. ಒಂದು ದೂರಿಗೆ ಒಂದು ನಂಬರು, ಒಬ್ಬ ಹೊಣೆಗಾರ, ಒಂದು ಗಡುವು, ನಡೆದದ್ದರ ಸಂಪೂರ್ಣ ದಾಖಲೆ. ಇಷ್ಟಿದ್ದರೆ ಅದು ಟಿಕೆಟ್ಟು.

ಇನ್ನು ಆಯ್ಕೆಯ ಮಾತು. ಮೊದಲು ತಿಳಿಯಬೇಕಾದದ್ದು, ದೂರು ಬೇರೆ, ಯೋಜನೆ ಬೇರೆ ಎಂಬುದು. ದೂರು ತಾನಾಗಿ ಬರುತ್ತದೆ. ಯೋಜನೆ ನಾವೇ ಹೂಡಿಕೊಳ್ಳುವಂಥದು. ಮೂವತ್ತು ಕಂಪ್ಯೂಟರುಗಳ ಲ್ಯಾಬು ಕಟ್ಟಬೇಕಾದರೆ ವೈರಿಂಗು ಮುಗಿಯದೆ ಯಂತ್ರ ಇಡುವಂತಿಲ್ಲ. ಯಾವುದರ ಹಿಂದೆ ಯಾವುದು ಎಂಬ ಕ್ರಮ ಅಲ್ಲಿ ಮುಖ್ಯ. ಎರಡನ್ನೂ ಲೆಕ್ಕವಿಲ್ಲದೆ ಬೆರೆಸಿದರೆ ದಿನದಿನದ ದುರಸ್ತಿಯೇ ಯೋಜನೆಯನ್ನು ನುಂಗಿಬಿಡುತ್ತದೆ. ದೂರುಗಳೇ ಹೆಚ್ಚಾಗಿದ್ದರೆ ಆರ್‌ಟಿ, ಓಎಸ್‌ಟಿಕೆಟ್ ಮುಂತಾದವು ಸಾಕು. 1998ರ ಬಗ್‌ಜಿಲ್ಲಾ ತಂತ್ರಾಂಶದ ದೋಷಗಳನ್ನು ಪಟ್ಟಿ ಮಾಡಲು ಹುಟ್ಟಿದ್ದು. ಪ್ರಿಂಟರಿನ ದೂರಿಗೆ ಅದು ಅಷ್ಟಾಗಿ ಒಗ್ಗದು. ಯೋಜನೆಯೂ ದೂರೂ ಒಂದೇ ಸೂರಿನಡಿ ಬೇಕೆನ್ನುವವರಿಗೆ 2006ರಲ್ಲಿ ಬಂದ ರೆಡ್‌ಮೈನ್ ಇದೆ. 2002ರಿಂದಿರುವ ಜೀರಾ ಇದೆ.

ಎರಡನೆಯದು, ಅದು ಎಲ್ಲಿರಬೇಕು ಎಂಬ ಪ್ರಶ್ನೆ. ಇವೆಲ್ಲ ಬ್ರೌಸರಿನಲ್ಲೇ ತೆರೆಯುವಂಥವಾದ್ದರಿಂದ ಪ್ರತಿ ಯಂತ್ರಕ್ಕೂ ಬೇರೆಬೇರೆಯಾಗಿ ಹಾಕಬೇಕಾಗಿಲ್ಲ. ನಮ್ಮದೇ ಸರ್ವರಿನಲ್ಲಿ ಇಟ್ಟುಕೊಳ್ಳಬಹುದು, ಇಲ್ಲವೆ ಕಂಪನಿಯ ಸರ್ವರಿನಲ್ಲಿರುವುದನ್ನು ಬಾಡಿಗೆಗೆ ಪಡೆಯಬಹುದು. ರೆಡ್‌ಮೈನಿನಂಥ ಮುಕ್ತ ತಂತ್ರಾಂಶಕ್ಕೆ ಬೆಲೆಯಿಲ್ಲ, ನಿಜ. ಆದರೆ ಹಸು ದಾನವಾಗಿ ಬಂದರೂ ಮೇವು ನಾವೇ ಹಾಕಬೇಕು. ಅದನ್ನು ಕಾಲಕಾಲಕ್ಕೆ ನವೀಕರಿಸಲು, ಪ್ರತಿದಿನ ದಾಖಲೆಯ ನಕಲು ತೆಗೆದಿಡಲು ಒಬ್ಬನ ಸಮಯ ಬೇಕು. ಬಾಡಿಗೆಯದರಲ್ಲಿ ಆ ಶ್ರಮವಿಲ್ಲ. ಆದರೆ ಸಾಮಾನ್ಯವಾಗಿ ತಲೆಗಿಷ್ಟು ಎಂದು ತಿಂಗಳು ತಿಂಗಳು ತೆರಬೇಕು, ಜನ ಹೆಚ್ಚಿದಂತೆ ಹಣವೂ ಹೆಚ್ಚುತ್ತದೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯವೆಂದು ನನ್ನ ಭಾವನೆ. ಒಳಹೊಕ್ಕ ಮೇಲೆ ಹೊರಬರುವ ದಾರಿಯುಂಟೇ? ಜೀರಾವನ್ನು ತಯಾರಿಸುವ ಅಟ್ಲಾಸಿಯನ್ ಕಂಪನಿ, ಸ್ವಂತ ಸರ್ವರಿನಲ್ಲಿ ಇಟ್ಟುಕೊಳ್ಳುವ 'ಸರ್ವರ್' ಆವೃತ್ತಿಯ ಹೊಸ ಮಾರಾಟವನ್ನು 2021ರ ಫೆಬ್ರುವರಿಯಲ್ಲಿ ನಿಲ್ಲಿಸಿತು. 2024ರ ಫೆಬ್ರುವರಿ 15ಕ್ಕೆ ಅದರ ಬೆಂಬಲವನ್ನೂ ಮುಗಿಸಿತು. ಅದನ್ನೇ ನೆಚ್ಚಿದ್ದ ಸಣ್ಣ ವಿಭಾಗಗಳು ಬೇರೆ ಆವೃತ್ತಿಯನ್ನೋ ಬೇರೆ ತಂತ್ರಾಂಶವನ್ನೋ ಹುಡುಕಬೇಕಾಯಿತು. ಚಕ್ರವ್ಯೂಹವನ್ನು ಹೊಗಲು ಬಲ್ಲ ಅಭಿಮನ್ಯುವಿಗೆ ಹೊರಬರುವುದು ತಿಳಿದಿರಲಿಲ್ಲ. ಆದಕಾರಣ ಕೊಳ್ಳುವ ಮೊದಲೇ, ನಮ್ಮ ದಾಖಲೆಯೆಲ್ಲವನ್ನೂ ಸಾಮಾನ್ಯ ಕೋಷ್ಟಕವಾಗಿ ಹೊರತೆಗೆದು ನೋಡಬೇಕು. ತೆಗೆಯಲು ಬಾರದಿದ್ದರೆ ಅಂಥದನ್ನು ಬಿಡುವುದೇ ಲೇಸು.

ನಾಲ್ಕನೆಯದಾಗಿ, ದೂರು ಕೊಡುವವರ ಅನುಕೂಲ. ಹತ್ತು ಖಾನೆ ತುಂಬಿಸಿ ಎಂದರೆ ಜನ ಫೋನನ್ನೇ ಹಿಡಿಯುತ್ತಾರೆ. ಏನು ಕೆಟ್ಟಿದೆ, ಎಲ್ಲಿದೆ, ಯಾರು ಹೇಳುತ್ತಿದ್ದಾರೆ, ಈ ಮೂರು ಸಾಕು. ದೂರನ್ನು ಕನ್ನಡದಲ್ಲಿ ಬರೆಯಲು ಬರಬೇಕು. ಬರೆದದ್ದು ಹುಡುಕಿದರೆ ಸಿಗಬೇಕು. ಕಳೆದ ತಿಂಗಳ ದೂರುಗಳಲ್ಲಿ ಇಪ್ಪತ್ತನ್ನು ಆಯ್ದು, ಎರಡು ತಂತ್ರಾಂಶಗಳಲ್ಲಿ ಹಾಕಿ, ಒಂದು ವಾರ ಪರೀಕ್ಷಿಸಿದರೆ ಜಾಹೀರಾತು ಹೇಳದ ಸತ್ಯವೆಲ್ಲ ಹೊರಬೀಳುತ್ತದೆ.

ಇಷ್ಟಾದರೂ ಒಂದು ಎಚ್ಚರಿಕೆ ಹೇಳದೆ ತೀರದು. 'ಈ ತಿಂಗಳು ಎಷ್ಟು ಟಿಕೆಟ್ಟು ಮುಗಿಸಿದೆ?' ಎಂದು ಅಧಿಕಾರಿ ಸಂಖ್ಯೆಯನ್ನಷ್ಟೇ ಕೇಳತೊಡಗಿದರೆ, ನೌಕರನು ಪ್ರಿಂಟರನ್ನು ಸರಿಪಡಿಸುವ ಬದಲು ಟಿಕೆಟ್ಟನ್ನು ಮುಚ್ಚಲು ಕಲಿಯುತ್ತಾನೆ. ಆದ್ದರಿಂದ ದೂರು ಮುಗಿಯಿತೆಂದು ಹೇಳುವ ಹಕ್ಕು ದೂರು ಕೊಟ್ಟವನದಾಗಿರಬೇಕು. ಮುಚ್ಚಿದ್ದನ್ನು ಮತ್ತೆ ತೆರೆಯಲು ಅವನಿಗೆ ಅವಕಾಶವಿರಬೇಕು.

ಲೆಕ್ಕವಿಲ್ಲದ ಕಚೇರಿಯಲ್ಲಿ ಗಟ್ಟಿ ಗಂಟಲಿನವನ ಕೆಲಸ ಮೊದಲಾಗುತ್ತದೆ. ಪರಿಚಯವುಳ್ಳವನದು ಅದರ ಹಿಂದೆ. ಸಂಕೋಚದಿಂದ ಬಾಗಿಲಲ್ಲಿ ನಿಂತವನದು ಕೊನೆಗೆ. ನಮ್ಮಲ್ಲಿ ಅನೇಕರು ಆ ಮೂರನೆಯ ಸಾಲಿನ ಮನೆಗಳಿಂದ ಬಂದವರು; ನಾಳೆ ಕಚೇರಿಗಳ ಮೇಜಿನ ಆಚೆ ಕೂರಲಿರುವವರೂ ನಾವೇ. ಯಾವ ತಂತ್ರಾಂಶವನ್ನೇ ಕೊಳ್ಳಲಿ, ಮೆಲ್ಲನೆ ಹೇಳಿದ ದೂರಿಗೂ ಗಟ್ಟಿಯಾಗಿ ಹೇಳಿದ ದೂರಿಗೂ ಅದು ಒಂದೇ ಸಾಲಿನಲ್ಲಿ ನಂಬರು ಕೊಡುತ್ತದೆಯೇ ಎಂದು ಮೊದಲು ನೋಡೋಣ.