ಹಳೇ ಟ್ರೈಲರ್ ಕೊಳ್ಳುವ ಮುಂಚೆ ಮೂಲೆ ಒತ್ತಿ ನೋಡಿ

ನಾವಿರುವ ಓಹಾಯೋದಲ್ಲಿ ಅಕ್ಟೋಬರ್ ಬಂತೆಂದರೆ ಮನೆಗಳ ಮುಂದೆ ‘ಮಾರಾಟಕ್ಕಿದೆ’ ಎಂಬ ಚೀಟಿ ಅಂಟಿಸಿಕೊಂಡ ಕ್ಯಾಂಪಿಂಗ್ ಟ್ರೈಲರ್‌ಗಳು ಕಾಣತೊಡಗುತ್ತವೆ. ಚಳಿಗಾಲವಿಡೀ ನಿಲ್ಲಿಸಲು ಜಾಗ ಬೇಕು, ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಒಡೆಯದಂತೆ ಆಂಟಿಫ್ರೀಜ್ ಹಾಕಬೇಕು. ಈ ರಗಳೆ ಬೇಡವೆಂದವರು ಬೆಲೆ ಇಳಿಸುತ್ತಾರೆ. ಕೈ ಬಿಗಿಯಿರುವವರಿಗೆ ಇದೇ ಕಾಲ.

ಗುರುತಿನ ಕನ್ನಡದವರು ಟ್ರೈಲರ್ ನೋಡಲು ನನ್ನನ್ನೂ ಕರೆದೊಯ್ಯುತ್ತಾರೆ. ಹೋದೊಡನೆ ಅವರ ಕಣ್ಣು ಒಲೆ, ಫ್ರಿಜ್, ಪರದೆಯ ಮೇಲೆ. ನಾನು ಮಂಚದ ಹಲಗೆ ಎತ್ತಿ ಟಾರ್ಚ್ ಬಿಡುತ್ತೇನೆ. ಹಳೇ ಟ್ರೈಲರ್‌ಗಳಲ್ಲಿ ಬಹುಪಾಲು ತೆಳು ಮರದ ಚೌಕಟ್ಟಿಗೆ ಹೊರಗಡೆ ಅಲ್ಯೂಮಿನಿಯಂ ತಗಡು, ಒಳಗಡೆ ತೆಳು ಪ್ಲೈವುಡ್ ಹೊಡೆದು ಮಾಡಿದವು. ಚಾವಣಿ ಗೋಡೆಗೆ ಸೇರುವ ಅಂಚಿನಲ್ಲಿ, ಕಿಟಕಿಯ ಸುತ್ತ ಹಾಕಿದ ಅಂಟು ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ. ಅಲ್ಲಿಂದ ಇಳಿದ ನೀರು ಗೋಡೆಯೊಳಗೇ ಕೂತು ಮರವನ್ನು ಕೊಳೆಸುತ್ತದೆ; ಹೊರಗೆ ಏನೂ ಕಾಣದು.

ಡೇಟನ್ ಹತ್ತಿರ ದಾವಣಗೆರೆಯ ಯುವ ದಂಪತಿಯೊಂದಿಗೆ ಅಂಥದೊಂದನ್ನು ನೋಡಿದೆ. ಒಳಗೆಲ್ಲ ಹೊಸ ಬಿಳಿ ಬಣ್ಣ. “ಎಷ್ಟ್ ಚೆನ್ನಾಗೈತಲ್ಲ ಅಕ್ಕಾ!” ಎಂದ ಹುಡುಗ. “ಇಲ್ಲಿ ಒತ್ತಿ ನೋಡಪ್ಪ” ಎಂದು ಹಿಂದಿನ ಮೂಲೆ ತೋರಿಸಿದೆ. ಬೆರಳು ನೆನೆದ ರಟ್ಟನ್ನು ಒತ್ತಿದಂತೆ ಒಳಗೆ ಹೋಯಿತು. ಕಪಾಟಿನೊಳಗೆ, ಬಣ್ಣ ತಾಗದ ಕಡೆ, ಕಂದು ಕಲೆ, ಮುಗ್ಗಲು ವಾಸನೆ. ಬೇಡವೆಂದು ಬಂದೆವು. ಆಮೇಲೆ ಅವರು ಕೊಂಡದ್ದರಲ್ಲಿ ಫ್ರಿಜ್ ಓಡುತ್ತಿರಲಿಲ್ಲ, ಸೀಟು ಹರಿದಿತ್ತು. ಆದರೆ ಮೂಲೆಗಳೆಲ್ಲ ಗಟ್ಟಿ. ಮೊಸರು, ದೋಸೆಹಿಟ್ಟಿಗೆ ಐಸ್ ಪೆಟ್ಟಿಗೆ ಸಾಕು. ಸೀಟಿಗೆ ಬಟ್ಟೆ ಹೊಲಿದುಕೊಳ್ಳಬಹುದು. ಕೊಳೆತ ಚೌಕಟ್ಟನ್ನು ಸರಿಮಾಡಲು ಗೋಡೆಯನ್ನೇ ಬಿಚ್ಚಬೇಕು.

ಫೈಬರ್‌ಗ್ಲಾಸಿನ ಪುಟ್ಟ ಸ್ಕ್ಯಾಂಪ್‌ನಂಥ ಟ್ರೈಲರ್‌ಗಳು ಎರಡು ಚಿಪ್ಪು ಜೋಡಿಸಿ ಮಾಡಿದವು, ಸಂದುಗಳೇ ಕಡಿಮೆ. ನನಗೆ ಅವೇ ಇಷ್ಟ. ಆದರೆ ಹಳೆಯದಾದರೂ ಬೆಲೆ ಇಳಿಯುವುದಿಲ್ಲ.

ಎಳೆಯುವ ಗಾಡಿಯನ್ನೂ ಯೋಚಿಸಿ. ಸಿಯೆನ್ನಾ, ಒಡಿಸ್ಸಿಯಂಥ ಮಿನಿವ್ಯಾನ್ ಸಾಮಾನ್ಯವಾಗಿ 3,500 ಪೌಂಡ್, ಅಂದರೆ ಸುಮಾರು 1,590 ಕಿಲೋ ಎಳೆಯಬಲ್ಲದು. ಮಾರುವವರು ಹೇಳುವುದು ಹೆಚ್ಚಾಗಿ ಖಾಲಿ ಟ್ರೈಲರಿನ ತೂಕ. ನೀರು, ಗ್ಯಾಸ್, ಪಾತ್ರೆಪಗಡ ಸೇರಿದ ಗರಿಷ್ಠ ತೂಕ ಟ್ರೈಲರಿಗೆ ಅಂಟಿಸಿದ ಪಟ್ಟಿಯಲ್ಲಿರುತ್ತದೆ. ಲೆಕ್ಕಕ್ಕೆ ಅದನ್ನೇ ಹಿಡಿಯಿರಿ.

ಟೈರಿನ ಪಕ್ಕದಲ್ಲಿ ಡಾಟ್ (DOT) ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2314 ಎಂದಿದ್ದರೆ 2014ರ 23ನೇ ವಾರ ತಯಾರಾದದ್ದು. ಓಡದೆ ನಿಂತ ಟೈರಿನ ಗುಂಡಿ ಸವೆದಿರುವುದಿಲ್ಲ, ಆದರೂ ರಬ್ಬರ್ ಬಿರಿದಿರುತ್ತದೆ; ಹೆದ್ದಾರಿಯಲ್ಲಿ ಸಿಡಿಯುವುದು ಅದೇ. ಆದ್ದರಿಂದ 3,000 ಡಾಲರ್ ಇದ್ದರೆ 2,000ದ ಟ್ರೈಲರ್ ಹುಡುಕಿ. ಉಳಿದದ್ದು ಟೈರ್, ಬೇರಿಂಗ್ ಗ್ರೀಸು, ಬ್ರೇಕು, ಬ್ಯಾಟರಿಗೆ ಬೇಕೇ ಬೇಕು. ಮಾಲೀಕತ್ವದ ಟೈಟಲ್ ಪತ್ರದಲ್ಲಿರುವ ವಾಹನ ಸಂಖ್ಯೆ ಟ್ರೈಲರಿನ ಮೇಲಿನದಕ್ಕೆ ತಾಳೆಯಾಗದಿದ್ದರೆ ಹಣ ಕೊಡಬೇಡಿ.

ಇನ್ನೊಂದು ಮಾತು: ಸಾಧ್ಯವಾದರೆ ಜೋರು ಮಳೆ ಸುರಿದ ಮರುದಿನವೇ ನೋಡಲು ಹೋಗಿ.