ಯಂತ್ರದೊಳಗಿನ ದುಭಾಷಿ

ಲ್ಯಾಪ್‌ಟಾಪಿನ ಪರದೆಯ ಮೂಲೆಯಲ್ಲಿ ಆಗಾಗ ಒಂದು ಸೂಚನೆ ಮೂಡುತ್ತದೆ: ಡ್ರೈವರುಗಳು ಹಳೆಯವಾಗಿವೆ, ಹೊಸತನ್ನು ಹಾಕಿಕೊಳ್ಳಿ. ಓದುಬರಹಕ್ಕಾಗಿಯೇ ಯಂತ್ರವನ್ನು ಇಟ್ಟುಕೊಂಡವರಿಗೆ ಇದೊಂದು ಧರ್ಮಸಂಕಟ. ಒಪ್ಪಿದರೆ, ಸರಿಯಾಗಿದ್ದದ್ದು ಕೆಟ್ಟೀತೆಂಬ ಭಯ. ಒಪ್ಪದಿದ್ದರೆ, ಯಾವುದೋ ಅಪಾಯ ಒಳಹೊಕ್ಕೀತೆಂಬ ಅಳುಕು. ಎರಡು ಭಯಗಳಿಗೂ ಆಧಾರವಿದೆ. ಯಾವುದಕ್ಕೆ ಯಾವಾಗ ಕಿವಿಗೊಡಬೇಕೆಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಡ್ರೈವರ್ ಎಂದೊಡನೆ ಬಸ್ಸಿನ ಚಾಲಕ ನೆನಪಾಗುವುದು ಸಹಜ. ಆದರೆ ಕಂಪ್ಯೂಟರಿನ ಡ್ರೈವರನ್ನು ದುಭಾಷಿ ಎಂದರೆ ಹೆಚ್ಚು ಒಪ್ಪುತ್ತದೆ. ಯಂತ್ರದ ಆಡಳಿತವನ್ನೆಲ್ಲ ನಡೆಸುವ ವಿಂಡೋಸಿನಂಥ ತಂತ್ರಾಂಶ ಒಂದು ಕಡೆ. ಪರದೆ, ಧ್ವನಿವರ್ಧಕ, ವೈಫೈ, ಪ್ರಿಂಟರ್ ಮೊದಲಾದ ಭಾಗಗಳು ಇನ್ನೊಂದು ಕಡೆ. ಒಂದೊಂದು ಭಾಗಕ್ಕೂ ತನ್ನದೇ ಆದ ಭಾಷೆಯುಂಟು. ಆಡಳಿತದ ಆಜ್ಞೆಯನ್ನು ಆ ಭಾಷೆಗೆ ತಿರುಗಿಸಿ ಹೇಳುವ ಸಣ್ಣ ತಂತ್ರಾಂಶವೇ ಡ್ರೈವರ್. ಇಂಥ ದುಭಾಷಿಗಳಲ್ಲಿ ಅನೇಕರು ಕರ್ನಲ್ ಎಂಬ ಒಳಮನೆಯಲ್ಲಿಯೇ ಕುಳಿತು ಕೆಲಸ ಮಾಡುತ್ತಾರೆ. ಹೊರಗಿರುವ ಬರವಣಿಗೆಯ ತಂತ್ರಾಂಶ ತಪ್ಪಿದರೆ ಸಾಮಾನ್ಯವಾಗಿ ಅದೊಂದೇ ನಿಲ್ಲುತ್ತದೆ. ಒಳಮನೆಯವನು ತಪ್ಪಿದರೆ ಇಡೀ ಯಂತ್ರವೇ ನಿಂತುಬಿಡಬಹುದು.

ಹೊಸತರಿಂದ ಹಾನಿಯಾದ ಉದಾಹರಣೆಗಳಿಗೆ ಕೊರತೆಯಿಲ್ಲ. 2010ರ ಮಾರ್ಚ್ ತಿಂಗಳಿನಲ್ಲಿ ಎನ್‌ವಿಡಿಯಾ ಸಂಸ್ಥೆ ಗ್ರಾಫಿಕ್ಸ್ ಕಾರ್ಡುಗಳಿಗೆಂದು ಹೊರತಂದ 196.75 ಎಂಬ ಡ್ರೈವರಿನಿಂದ ಫ್ಯಾನಿನ ವೇಗದ ಹಿಡಿತ ತಪ್ಪಿ ಕಾರ್ಡುಗಳು ಮಿತಿಮೀರಿ ಕಾಯುತ್ತಿವೆಯೆಂಬ ದೂರುಗಳು ಬಂದವು. ಸಂಸ್ಥೆ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. 2018ರ ಅಕ್ಟೋಬರಿನಲ್ಲಿ ಎಚ್‌ಪಿ ಯಂತ್ರಗಳ ಕೀಲಿಮಣೆಗೆ ಬಂದ ಹೊಸ ಡ್ರೈವರು ವಿಂಡೋಸ್ 10ರೊಡನೆ ಹೊಂದದೆ, ಕೆಲವು ಯಂತ್ರಗಳು ಕುಸಿದುಬಿದ್ದವು. ಯಾವ ತೊಂದರೆಯೂ ಇಲ್ಲದಿದ್ದಾಗ ಹೊಸತೆಂಬ ಒಂದೇ ಕಾರಣಕ್ಕೆ ಹಾಕಿಕೊಳ್ಳುವುದು ಇರಲಾರದೆ ಇರುವೆ ಬಿಟ್ಟುಕೊಂಡಂತೆ.

ಹಾಗೆಂದು ಹಳೆಯದೇ ಕ್ಷೇಮವೆನ್ನುವಂತಿಲ್ಲ. ಡೆಲ್ ಕಂಪ್ಯೂಟರುಗಳಲ್ಲಿದ್ದ ಒಂದು ಡ್ರೈವರಿನ ಐದು ದೋಷಗಳನ್ನು ಸೆಂಟಿನೆಲ್‌ಒನ್ ಸಂಸ್ಥೆಯ ಸಂಶೋಧಕರು 2021ರ ಮೇ ತಿಂಗಳಿನಲ್ಲಿ ಬಯಲಿಗಿಟ್ಟರು. 2009ರಿಂದಲೂ ನೂರಾರು ಮಾದರಿಗಳ ಯಂತ್ರಗಳನ್ನು ಅದು ಸೇರುತ್ತ ಬಂದಿತ್ತು. ಯಂತ್ರದೊಳಕ್ಕೆ ಹೇಗೋ ನುಸುಳಿದ ದುಷ್ಟ ತಂತ್ರಾಂಶಕ್ಕೆ ಒಳಮನೆಯ ಬಾಗಿಲನ್ನೇ ತೆರೆದುಕೊಡಬಲ್ಲ ದೋಷಗಳವು. ಹನ್ನೆರಡು ವರ್ಷ ಯಾರಿಗೂ ಏನೂ ಕೆಟ್ಟಂತೆ ಕಂಡಿರಲಿಲ್ಲ. ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂಬುದು ಎಲ್ಲವೂ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಆದ್ದರಿಂದ ಕೇಳಬೇಕಾದದ್ದು ಹಳತೋ ಹೊಸತೋ ಎಂದಲ್ಲ, ಬದಲಿಸಲು ಕಾರಣವಿದೆಯೇ ಎಂದು. ತಕ್ಕ ಕಾರಣಗಳು ಮೂರು. ಹೊಸ ಆವೃತ್ತಿ ಸುರಕ್ಷತೆಯ ದೋಷವನ್ನು ಮುಚ್ಚುವುದಾದರೆ ತಡಮಾಡಬಾರದು. ವೈಫೈ ಪದೇ ಪದೇ ಕಡಿದುಹೋಗುವುದು, ಧ್ವನಿ ನಿಲ್ಲುವುದು ಮುಂತಾದ ತೊಂದರೆ ನಿಮಗಿದ್ದು, ಅದರ ಪರಿಹಾರವನ್ನು ಹೊಸ ಆವೃತ್ತಿಯ ಟಿಪ್ಪಣಿ ಹೇಳುತ್ತಿದ್ದರೆ ಬದಲಿಸಬಹುದು. ಹೊಸ ಪ್ರಿಂಟರನ್ನು ಜೋಡಿಸಿದಾಗ, ಅಥವಾ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ ವಿಂಡೋಸ್ 11ಕ್ಕೆ ಹೋದಾಗ, ಹೊಸ ದುಭಾಷಿ ಬೇಕಾಗಬಹುದು. ಈ ಮೂರರಲ್ಲಿ ಒಂದೂ ಇಲ್ಲವಾದರೆ ಒಂದೆರಡು ವಾರ ಕಾದು ನೋಡಿದರೆ ನಷ್ಟವಿಲ್ಲ.

ಬದಲಿಸುವ ಕ್ರಮವೂ ಮುಖ್ಯ. ಡ್ರೈವರನ್ನು ವಿಂಡೋಸ್ ಅಪ್‌ಡೇಟಿನಿಂದಲೋ, ಲ್ಯಾಪ್‌ಟಾಪ್ ತಯಾರಿಸಿದ ಸಂಸ್ಥೆಯಿಂದಲೋ ಪಡೆಯಬೇಕು. ಎಲ್ಲವನ್ನೂ ಒಮ್ಮೆಗೇ ಪುಕ್ಕಟೆ ಹೊಸದು ಮಾಡಿಕೊಡುತ್ತೇವೆಂದು ಕೂಗುವ ಜಾಹೀರಾತುಗಳನ್ನು ನಂಬಬಾರದು. ಮೊದಲು ಬರಹಗಳ ಪ್ರತಿಯೊಂದನ್ನು ಬೇರೆಡೆ ಇರಿಸಿ, ವಿಂಡೋಸಿನಲ್ಲಿ ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ, ಕೆಟ್ಟಾಗ ಕೆಡಿಸಿದ್ದು ಯಾವುದೆಂದು ತಿಳಿಯುತ್ತದೆ. ಡಿವೈಸ್ ಮ್ಯಾನೇಜರಿನ ರೋಲ್ ಬ್ಯಾಕ್ ಡ್ರೈವರ್ ಎಂಬ ಗುಂಡಿ ಹಿಂದಿನ ಆವೃತ್ತಿಯನ್ನು ಮರಳಿಸಬಲ್ಲದು. ಡ್ರೈವರಿಗಿಂತಲೂ ಆಳದಲ್ಲಿರುವ ಬಯಾಸನ್ನು ಬದಲಿಸುವಾಗ ಬ್ಯಾಟರಿ ತುಂಬಿರಬೇಕು, ಚಾರ್ಜರೂ ಸೇರಿರಬೇಕು. ನಡುವೆ ವಿದ್ಯುತ್ತು ತಪ್ಪಿದರೆ ಯಂತ್ರ ಮತ್ತೆ ಏಳದೇ ಹೋಗಬಹುದು. ಮಗಳ ಆನ್‌ಲೈನ್ ಪರೀಕ್ಷೆಯ ಹಿಂದಿನ ರಾತ್ರಿ, ಹಸ್ತಪ್ರತಿಯನ್ನು ಪ್ರಕಾಶಕರಿಗೆ ಕಳಿಸುವ ಮುಂಜಾನೆ, ಈ ಕೆಲಸಕ್ಕೆ ಕೈಹಾಕಬಾರದು.

ಈ ಯಂತ್ರದಲ್ಲಿ ಹಲವರ ಹತ್ತಾರು ವರ್ಷಗಳ ಬರವಣಿಗೆ ಇದೆ. ಅದು ಕೇಳಿದ ಕೂಡಲೇ ಆಗಲಿ ಎನ್ನುವುದೂ, ಎಂದೆಂದಿಗೂ ಬೇಡ ಎನ್ನುವುದೂ ವಿಚಾರದ ಶ್ರಮವನ್ನು ತಪ್ಪಿಸಿಕೊಳ್ಳುವ ದಾರಿಗಳೇ. ಟಿಪ್ಪಣಿಯನ್ನು ಓದಿ ಕಾರಣವನ್ನು ತಿಳಿಯಲು ಐದು ನಿಮಿಷ ಸಾಕು. ಅಷ್ಟನ್ನು ಕೊಟ್ಟ ಮೇಲೆ ಒಪ್ಪಿದರೂ ಸರಿ, ಕಾದರೂ ಸರಿ, ನಿರ್ಧಾರ ನಮ್ಮದಾಗಿರುತ್ತದೆ.