ಆರಂಭದ ಅಭ್ಯಾಸಿಗಳಿಗೆ ಉಚಿತ ಸಂಖ್ಯಾಶಾಸ್ತ್ರೀಯ ತಂತ್ರಾಂಶ

ಸಂಖ್ಯಾಶಾಸ್ತ್ರದ ಅಭ್ಯಾಸವನ್ನು ಆಗತಾನೆ ಕೈಗೊಂಡ ವಿದ್ಯಾರ್ಥಿಗಳು ಉಚಿತ ತಂತ್ರಾಂಶಗಳಲ್ಲಿ ಯಾವುದು ಸುಲಭವೆಂದೇ ಮೊದಲು ಕೇಳುತ್ತಾರೆ. ಮಾಡಿದ ಲೆಕ್ಕವನ್ನು ಯಾವುದು ಮರೆಮಾಡದೆ ತೋರಿಸುತ್ತದೆಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ.

ಎರಡು ಗುಂಪುಗಳ ಸರಾಸರಿಗಳನ್ನು ಹೋಲಿಸುವ ಟಿ-ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ಬೇರೇನನ್ನೂ ಸೂಚಿಸದಿದ್ದರೆ, 'ಆರ್' ತಂತ್ರಾಂಶವು ಗುಂಪುಗಳ ಹರವು ಅಸಮವಾಗಿರಬಹುದೆಂದು ಭಾವಿಸುವ ವೆಲ್ಚ್ ಅವರ ವಿಧಾನವನ್ನು (1947) ಅನುಸರಿಸುತ್ತದೆ. 'ಜಮೋವಿ'ಯಾದರೋ ಹರವು ಸಮವೆಂದು ಗ್ರಹಿಸುವ ಸ್ಟೂಡೆಂಟ್ ವಿಧಾನವನ್ನು (1908). ಒಂದು ಗುಂಪಿನಲ್ಲಿ 10 ಮಂದಿ, ಇನ್ನೊಂದರಲ್ಲಿ 40 ಮಂದಿ ಇದ್ದು, ಚಿಕ್ಕ ಗುಂಪಿನ ಅಂಕಗಳೇ ಹೆಚ್ಚು ಚದುರಿದ್ದರೆ, ಎರಡನೆಯ ವಿಧಾನವು ಇಲ್ಲದ ವ್ಯತ್ಯಾಸವನ್ನು ಇದೆಯೆಂದು ಸಾರುವ ಸಂಭವ ಹೆಚ್ಚು. ಇಲ್ಲಿ ಯಂತ್ರವು ತಪ್ಪಿದುದಲ್ಲ. ತಾವು ಏನನ್ನು ಕೇಳಿದೆವೆಂಬುದನ್ನು ಕೇಳಿದವರೇ ಅರಿಯದೆ ಹೋದುದು.

ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಅವರು ರಚಿಸಿದ ಆರ್, 1995ರಿಂದ ಮುಕ್ತ ಪರವಾನಗಿಯಲ್ಲಿ ಲಭ್ಯವಿದೆ. ಅದರಲ್ಲಿ ಆಜ್ಞೆಗಳನ್ನು ಬರೆದೇ ಕೆಲಸ ನಡೆಸಬೇಕಾದುದರಿಂದ, ಮಾಡಿದುದೆಲ್ಲವೂ ಲಿಖಿತವಾಗಿ ಉಳಿಯುತ್ತದೆ. ಒಂದು ಅಲ್ಪವಿರಾಮ ಜಾರಿದರೂ ಅದು ಮುನಿಯುತ್ತದೆಂಬುದು ನಿಜ. ಹೊಸಬರು ಹಿಂಜರಿಯುವುದು ಸಹಜವೇ. ಎಸ್‌ಪಿಎಸ್‌ಎಸ್ ಪಠ್ಯವನ್ನು ಹಿಡಿದು ಕಲಿಯುವವರಿಗೆ ಅದನ್ನೇ ಹೋಲುವ ಪಿಎಸ್‌ಪಿಪಿ ಸಾಕಾದೀತು.

ಉಳಿದವರು ಜಮೋವಿಯಿಂದ ತೊಡಗುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಅದು ಆರ್ ಭಾಷೆಯ ತಳಹದಿಯ ಮೇಲೆಯೇ ನಿಂತಿದೆ. ಅದರ ಸೂತ್ರದರ್ಶನ ಸೌಲಭ್ಯವನ್ನು ತೆರೆದಿಟ್ಟರೆ, ಮಾಡಿದ ಪ್ರತಿಯೊಂದು ವಿಶ್ಲೇಷಣೆಗೂ ಸಮನಾದ ಆರ್ ಆಜ್ಞೆಯು ಪರದೆಯ ಮೇಲೆ ಕಾಣುತ್ತದೆ. ಆ ಆಜ್ಞೆಗಳನ್ನು ಮೊದಲ ದಿನದಿಂದಲೇ ಫಲಿತಾಂಶಗಳೊಡನೆ ಬರೆದಿಟ್ಟುಕೊಂಡವರಿಗೆ, ಪ್ರಬಂಧದ ಪರೀಕ್ಷಕರು "ಯಾವ ಟಿ-ಪರೀಕ್ಷೆ?" ಎಂದು ಕೇಳಿದಾಗ ಉತ್ತರವು ಕೈಯಲ್ಲಿಯೇ ಇರುತ್ತದೆ.